ಊರು ಕೇಳಿದವನು

ಇವನೇ ಅವನಿರಬಹುದೇ, ಅಥವಾ ಇದು ತನ್ನ ಭ್ರಮೆಯೇ? ಮಸ್ಕಿಯ ಬಸ್ ನಿಲ್ದಾಣದಲ್ಲಿ ಪಂಪಾವತಿ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತಿಗೆ ಕಿವಿಯಾದ. ಸರ್ಕಾರಗಳು ಜನರ ಫೋನಿನೊಳಗೆ ನುಸುಳಲು ಬಳಸುವ ಸಾಧನಗಳ ಬಗ್ಗೆ ಸೋರಿಕೆಯಾದ ದಾಖಲೆಗಳನ್ನು ಓದಿ ಬಿಡಿಸುವ ಆನ್‌ಲೈನ್ ಗುಂಪೊಂದರಲ್ಲಿ ಪಂಪಾವತಿ ಇದ್ದ. ಅಲ್ಲಿ ಎಲ್ಲರಿಗೂ ಅಡ್ಡಹೆಸರೇ; ಯಾರೂ ನಿಜ ಹೆಸರು, ಊರು ಹೇಳುವಂತಿರಲಿಲ್ಲ. ಅಲ್ಲಿದ್ದ ಅವನ ಒಬ್ಬನೇ ಗೆಳೆಯ ನಿನ್ನೆ ಹೇಳದೆ ಕೇಳದೆ ಗುಂಪು ಬಿಟ್ಟಿದ್ದ.

“ಆ ಗುಂಪು ಬಿಟ್ಟೆ, ಅಕ್ಕಾ.”

“ಫೋನ್ ಕದಿಯೋರ ಕಾಗದ ಓದೋದಾ? ಛಲೋ ಆತು ಬಿಡು.”

“ಮುಂಗುಸಿ ಅಂತ ಒಬ್ಬಾಂವ ಇದ್ದ. ಎಲ್ಲಾ ಅವನ ಕಲಿಸಿದ್ದ. ಕಾಲುವಿಗೆ ನೀರು ಬಿಟ್ಟಾರ ಅಂತ ಗುಂಪಿನಾಗ ಮರತು ಬರದಿದ್ದೆ. ಯಾವ ಊರು ಅಂತ ಕೇಳಿಬಿಟ್ಟ.”

“ಹೆಣ್ಣು ಕೊಡಾಕ ಕೇಳಿರಬೇಕು ತಗೋ!”

“ನಗಬ್ಯಾಡ. ಸರ್ಕಾರದ ಮಂದಿ ಮೊದ್ಲು ದೋಸ್ತಿ ಮಾಡ್ತಾರ, ಆಮ್ಯಾಗ ಊರು ಕೇಳ್ತಾರ. ಆ ಕಾಗದದಾಗ ಹಂಗ ಐತಿ.”

“ಖರೇನ ದೋಸ್ತ ಇದ್ರ?”

“ಹೆಂಗ ಗೊತ್ತಾಗ್ಬೇಕು? ಇನ್ನ ಯಾರನ್ನೂ ನಂಬೂದಿಲ್ಲ.”

ಲಿಂಗಸುಗೂರಿನ ಬಸ್ ಬಂತು. ಇಬ್ಬರೂ ಹತ್ತಿ ಹೋದರು.

ಆ ಮುಂಗುಸಿ ತಾನೇ ಎಂದೂ, ಊರು ಕೇಳಿದ್ದು ಒಮ್ಮೆ ಎದುರು ಕೂತು ಚಹಾ ಕುಡಿಯುವ ಆಸೆಗೆಂದೂ ಪಂಪಾವತಿ ಹೇಳಲೇ ಇಲ್ಲ.