ಆರುನೂರ ಹನ್ನೆರಡರಿಂದ ಫೋನು

...ಅಲ್ಲ ಅತ್ತಿಗೆ, ಯುದ್ಧ ಅಂದರೆ ದಿನಾ ಗುಂಡು ಹಾರುತ್ತೆ ಅಂದುಕೊಂಡಿದ್ದೀರಾ? ಅವತ್ತೂ ಎಲ್ಲಾ ದಿನದ ಹಾಗೇ ಇತ್ತು. ಬೆಳಿಗ್ಗೆ ಬಾರ್ಲಿ ಅನ್ನ, ಮಧ್ಯಾಹ್ನ ನೊಣ. ಸಂಜೆ ಒಂದೊಂದೇ ಗುಡ್ಡದಿಂದ ಫೋನು. ಅವರು ಹೇಳಿದ್ದನ್ನೆಲ್ಲ ಸೇರಿಸಿ ದಿನದ ವರದಿ ಬರೆದು ಮೇಲಿನವರಿಗೆ ಕಳಿಸೋದು, ಅದೇ ನನ್ನ ಯುದ್ಧ. ನಗಬೇಡಿ! ನಿಮ್ಮ ಯಜಮಾನರೂ ಹೀಗೇ ನಗುತ್ತಿದ್ದರು. ಒಂದೇ ಶಾಲೆಯ ಮೇಷ್ಟ್ರುಗಳು ನಾವು. ಅವರನ್ನು ಗುಡ್ಡದ ಮೇಲೆ ಕೂರಿಸಿದರು, ನನ್ನನ್ನು ಕೆಳಗೆ ಡೇರೆಯಲ್ಲಿ. ಮಧ್ಯೆ ಒಂದು ತಂತಿ.

ಆ ಗುಡ್ಡಕ್ಕೆ ಹೆಸರಿಲ್ಲ. ಎತ್ತರವೇ ಹೆಸರು, ಆರುನೂರ ಹನ್ನೆರಡು. ‘ಆರುನೂರ ಹನ್ನೆರಡರಿಂದ ಪ್ಯೋ ಮೇಷ್ಟ್ರು. ಗುಡ್ಡ ಇದೆ. ನಾನೂ ಇದ್ದೇನೆ. ತಮ್ಮ ಕೈಬರಹ ಸುಧಾರಿಸಿತೇ?’ ದಿನಾ ಇದೇ ಮಾತು! ನಾನು ‘ವಿಶೇಷವಿಲ್ಲ’ ಅಂತ ಬರೀತಿದ್ದೆ.

ಆಮೇಲೆ? ಹೇಳಿದೆನಲ್ಲ... ತಂತಿ ತುಂಡಾಯಿತು. ಫೋನು ಬರಲಿಲ್ಲ. ಯಾವತ್ತು ಅಂತ... ಮಳೆಗೆ ಮುಂಚೆಯೋ, ಆಮೇಲೋ, ಯಾರಿಗೆ ನೆನಪಿದೆ? ಕಾಣೆಯಾಗಿದ್ದಾರೆ ಅಂತ ಸೈನ್ಯದವರೇ ಬರೆದಿದ್ದಾರಲ್ಲ. ಕಾಣೆಯಾದವರು ಬರ್ತಾರೆ ಅತ್ತಿಗೆ! ಮೊನ್ನೆ ಮಿರ್ಯಾಂಗ್ ಊರಿಗೆ ಒಬ್ಬ ಬಂದ, ಕಾಲಿಗೆ ಗೋಣಿ ಸುತ್ತಿಕೊಂಡು. ನೀವು ನೋಡಿದರೆ ಆಗಲೇ ಎಡೆಯ ಹಿತ್ತಾಳೆ ಬಟ್ಟಲು ತೆಗೆದು, ಬೂದಿ ಹಾಕಿ ತಿಕ್ಕುತ್ತಾ ಕೂತಿದ್ದೀರಿ.

ತಿಕ್ಕಬೇಡಿ. ಕೊಡಿ ಇಲ್ಲಿ... ಕೊಡೋಲ್ಲವೇ? ಸರಿ. ಒಂಬತ್ತನೇ ತಿಂಗಳ ಒಂಬತ್ತಕ್ಕೆ ಎಡೆ ಇಡಿ ಅಂತ ಯಾರು ಹೇಳಿದರು ನಿಮಗೆ? ನಿಮ್ಮ ಅತ್ತೆಯವರೇ? ಅದು ದಿಕ್ಕಿಲ್ಲದೆ ಸತ್ತವರ ದಿನ. ಯಾವತ್ತು ಹೋದರು ಅಂತ ಯಾರಿಗೂ, ಒಬ್ಬರಿಗೂ ಗೊತ್ತಿಲ್ಲದವರಿಗೆ...

ಹಾಗೆ ನೋಡಬೇಡಿ. ಹಟ ಅಲ್ಲ ಇದು. ದಿನ ತಪ್ಪಿ ಇಟ್ಟ ಎಡೆ ಮುಟ್ಟೋಲ್ಲ ಅಂತ ನಿಮಗೂ ಗೊತ್ತು. ತಾವು ಹೋದ ದಿನಕ್ಕೇ ಅವರು ಬರೋದು. ಬಂದರೆ ಬಾಗಿಲು ಹಾಕಿರುತ್ತೆ, ದೀಪ ಇಲ್ಲ, ಅನ್ನದ ಹಬೆ ಇಲ್ಲ... ಪ್ಯೋ ಮೇಷ್ಟ್ರು ತರಗತಿಗೆ ಒಂದು ದಿನವೂ ತಡವಾಗಿ ಬಂದವರಲ್ಲ! ದಾನೋ ಉಯ್ಯಾಲೆ ಹಬ್ಬದ ಮರುದಿನ ಸರಿಯಾಗಿ ಬಂದು ಹೊಸಿಲ ಹತ್ತಿರ ನಿಂತಿರ್ತಾರೆ. ನೀವು ಹೊಲದಲ್ಲಿ ಬಾರ್ಲಿ ಕೊಯ್ತಾ ಇರ್ತೀರಿ. ಅವರು ಪಾಪ, ಅಷ್ಟು ದೂರದಿಂದ...

ಯಾಕೆ ನಿಲ್ಲಿಸಿದಿರಿ?

ತಿಕ್ಕಿ. ತಿಕ್ಕಿ ಅತ್ತಿಗೆ... ಉದಾಹರಣೆಗೆ ಅಂದೆ. ದಾನೋ ಅಂತ ಸುಮ್ಮನೆ ಬಾಯಿಗೆ ಬಂತು. ಯಾವುದೋ ಒಂದು ಹಬ್ಬ...

ಬೈಯಿರಿ ಬೇಕಾದರೆ.

...

ತಂತಿ ತುಂಡಾಗಿರಲಿಲ್ಲ. ದಾನೋ ಮರುದಿನವೂ ಹೊತ್ತಿಗೆ ಸರಿಯಾಗಿ ಫೋನು ಬಂತು. ‘ಆರುನೂರ ಹನ್ನೆರಡರಿಂದ. ಗುಡ್ಡ ಇದೆ, ಮೇಷ್ಟ್ರು ಇಲ್ಲ’ ಅಂದದ್ದು ಬೇರೆ ಧ್ವನಿ.