ಏರಿನ ಬುಡದಲ್ಲಿ ಕೊಟ್ಟ ಗಾಲಿ

ಈ ಮಠಕ್ಕೆ ಬಂದು ಕೂತವರೇ, ನೀವು ದೇವರಿಗೆ ಏನು ಕೊಟ್ಟಿರಿ ಎಂದು ನಾನು ಇವತ್ತು ಕೇಳುವುದಿಲ್ಲ. ಯಾರಿಂದ ಏನು ಇಸಿದುಕೊಂಡಿರಿ, ಅದನ್ನು ಕೇಳುತ್ತೇನೆ. ಅದಕ್ಕೊಂದು ದೃಷ್ಟಾಂತ.

ಬಯಲುಸೀಮೆಯ ಒಂದು ಪಟ್ಟಣ. ಅಲ್ಲೊಬ್ಬ ಸಿರಿವಂತ. ಗುಡಿಯ ದೀಪದ ಮೇಲೆ ಅವನ ಹೆಸರು, ಶಾಲೆಯ ಗಂಟೆಯ ಮೇಲೆ ಅವನ ಹೆಸರು. ಅವನ ಮಗಳಿಗೆ ಸೈಕಲ್ ರೇಸಿನ ಹುಚ್ಚು. ಚೆನ್ನಾಗಿಯೇ ತುಳಿಯುತ್ತಿದ್ದಳು, ಇಲ್ಲದ ಮಾತು ನಾನು ಹೇಳುವುದಿಲ್ಲ. ಆ ಊರಿನಲ್ಲಿ ವರ್ಷಕ್ಕೊಮ್ಮೆ ಹೆಣ್ಣುಮಕ್ಕಳ ದೊಡ್ಡ ರೇಸು. ಒಂದೇ ದಿನದ್ದು. ಬೆಳಿಗ್ಗೆ ಬಿಟ್ಟರೆ ಎರೆಹೊಲಗಳ ನಡುವಿನ ಬಟಾಬಯಲು, ಆಮೇಲೆ ಡಾಂಬರು ಕಿತ್ತು ಜಲ್ಲಿ ಎದ್ದ ದಾರಿ, ಕೊನೆಗೆ ಗುಡ್ಡದ ಏರು. ಏರಿನ ನೆತ್ತಿಯಲ್ಲಿ ಸುಣ್ಣದ ಗೆರೆ. ನಾಳೆ ನೋಡಿಕೊಂಡರಾಯಿತು ಎನ್ನುವ ಹಾಗಿಲ್ಲ. ಇವತ್ತು ಬಿದ್ದವಳು ಇವತ್ತೇ ಏಳಬೇಕು.

ಸಿರಿವಂತ ಒಂದು ತಂಡ ಕಟ್ಟಿದ. ಮಗಳು ಗೆಲ್ಲುವವಳು, ಉಳಿದವರು ಗೆಲ್ಲಿಸುವವರು. ಆ ಉಳಿದವರಲ್ಲೊಬ್ಬಳು ಹುಡುಗಿ. ಈ ಕಥೆ ಅವಳದು. ಅವಳ ಕೆಲಸ ಏನು? ಗಾಳಿ ಒಡೆಯುವುದು. ನೋಡಿ, ಎದುರುಗಾಳಿ ಬೀಸುವಾಗ ಮುಂದೆ ಹೋಗುವವಳ ಎದೆಗೆ ಗಾಳಿ ಬಡಿಯುತ್ತದೆ. ಅವಳ ಹಿಂದಿನ ಗಾಲಿಗೆ ಅಂಟಿಕೊಂಡು ಬರುವವಳಿಗೆ ದಣಿವು ತಿಳಿಯುವುದಿಲ್ಲ. ಹಿಂದಿನವಳ ಕಾಲಿನಲ್ಲಿ ಉಳಿದ ಕಸುವು ಇದೆಯಲ್ಲ, ಅದು ಮುಂದಿನವಳ ಕಾಲಿನಿಂದ ಹೋದದ್ದು. ಇದು ಆ ಆಟದ ಪದ್ಧತಿ. ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ಪದ್ಧತಿಗೆ ಎರಡು ಕೈ ಇರುತ್ತವೆ. ಒಂದೇ ಕೈ ಚಾಚುವವರ ಬಗ್ಗೆ ನನ್ನ ತಕರಾರು.

ಹುಡುಗಿಗೆ ಗೆಲುವಿನ ಆಸೆ ಇರಲಿಲ್ಲ. ಗೊತ್ತುಮಾಡಿದ ಹೊತ್ತಿನೊಳಗೆ ಗೆರೆ ದಾಟಿದವರನ್ನು ಮಾತ್ರ ರಾಜ್ಯ ತಂಡದ ಆಯ್ಕೆಗೆ ಕರೆಯುತ್ತಿದ್ದರು. ಅದೊಂದೇ ಅವಳ ಆಸೆ. ರೇಸಿಗೆ ಮುಂಚೆ ಹೋಗಿ ಕೇಳಿದಳು.

"ಸಾವ್ಕಾರ್ರ, ನನಗ ಗೆಲ್ಲೂದು ಬ್ಯಾಡ್ರಿ. ಹೊತ್ತಿನ್ಯಾಗ ಗೆರಿ ಮುಟ್ಟಿದ್ರ ಸಾಕು. ಈ ವರ್ಷ ತಪ್ಪಿದ್ರ ವಯಸ್ಸು ಮೀರತೈತಿ."

"ಏ ಹುಚ್ಚಿ, ನಿನ್ನ ಬಿಟ್ಟ ಹೊಕ್ಕೀವೇನ? ನೀ ಬ್ಯಾರೆ ಅಲ್ಲ, ನನ್ನ ಮಗಳು ಬ್ಯಾರೆ ಅಲ್ಲ. ಹಿಂದ ನಮ್ಮ ಗಾಡಿ ಇರತೈತಿ. ಗಾಡಿ ಮ್ಯಾಲ ಗಾಲಿ ಇರತಾವ. ನೀ ಬರೇ ಗಾಳಿ ನೋಡ್ಕೋ."

ಅವಳು ಗಾಳಿ ನೋಡಿಕೊಂಡಳು. ಬಯಲು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಬೇರೆ ಊರಿನ ತಂಡದವಳೊಬ್ಬಳು ಪಕ್ಕಕ್ಕೆ ಬಂದು ಕೆಣಕಿದಳು, "ಏನಕ್ಕಾ, ಸಾವ್ಕಾರ್ರ ಮಗಳಿಗೆ ಬಾಗಲಾ ಆಗಿಯೇನ?"

"ಬಾಗಲಾ ಅಲ್ಲವಾ, ಗ್ವಾಡಿ. ನಿನಗೂ ಗಾಳಿ ಬಾಳಾದ್ರ ನನ್ನ ಹಿಂದ ಮರಿಗೆ ಬಾ."

ಸುತ್ತಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಗಲು ಉಸಿರು ಇನ್ನೂ ಉಳಿದಿತ್ತು.

ಜಲ್ಲಿಯ ದಾರಿ ದಾಟಿ ಏರು ಶುರುವಾಗುವ ಜಾಗದಲ್ಲಿ ಸಿರಿವಂತನ ಮಗಳ ಮುಂದಿನ ಗಾಲಿ ಪಂಕ್ಚರ್ ಆಯಿತು. ತಂಡದ ಗಾಡಿ ಜಲ್ಲಿಯಲ್ಲಿ ಹಿಂದೆ ಉಳಿದಿತ್ತು. ಆಗ ಗಾಲಿ ಕೊಡಬೇಕಾದವರು ಯಾರು? ಗಾಳಿ ಒಡೆಯುವವಳೇ. ಹುಡುಗಿ ಇಳಿದಳು. ಯಾರೂ ಹೇಳುವ ಮುಂಚೆ ತನ್ನ ಮುಂದಿನ ಗಾಲಿ ಬಿಚ್ಚಿದಳು, ಅವಳ ಸೈಕಲ್ಲಿಗೆ ಕೂರಿಸಿದಳು.

"ನೀ?" ಎಂದಳು ಸಿರಿವಂತನ ಮಗಳು.

"ಗಾಡಿ ಬರತೈತಿ. ನೀ ಹೋಗ, ಹಿಂದ ನೋಡಬ್ಯಾಡ." ಬೆನ್ನಿಗೆ ಕೈಯಿಟ್ಟು ನೂಕಿದಳು.

ಗಾಡಿ ಬಂತು. ಗಾಡಿಯ ನೆತ್ತಿಯ ಮೇಲೆ ಸಾಲಾಗಿ ಕಟ್ಟಿದ ಹೊಸ ಗಾಲಿಗಳು, ಗಾಳಿಗೆ ತಾವೇ ತಿರುಗುತ್ತಿದ್ದವು. ಹುಡುಗಿ ಪಂಕ್ಚರ್ ಆದ ಗಾಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಸಿರಿವಂತ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಬಂದ್ವಿ ತಂಗಿ, ಬಂದ್ವಿ! ಮ್ಯಾಲ ಹೋಗಿ ಬಂದ್ವಿ!" ಎಂದ. ಗಾಡಿ ನಿಲ್ಲಲಿಲ್ಲ. ಮಗಳು ಗೆರೆ ದಾಟುವುದನ್ನು ಅವನು ಕಣ್ಣಾರೆ ನೋಡಬೇಕಿತ್ತು.

ನಿಲ್ಲಿಸಲು ಎಷ್ಟು ಹೊತ್ತು ಬೇಕಿತ್ತು, ಹೇಳಿ? ನೀವು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವಷ್ಟು ಹೊತ್ತು. ಅಷ್ಟೇ. ಅಷ್ಟೂ ಇರಲಿಲ್ಲ ಅವನಿಗೆ!

ಎಲ್ಲರ ಹಿಂದೆ ಬರುವುದು ರೇಸಿನವರದೇ ಒಂದು ವ್ಯಾನು. ಸೋತು ನಿಂತವರನ್ನು ಹತ್ತಿಸಿಕೊಂಡು ಬರುವ ವ್ಯಾನು. ಅದರಲ್ಲಿದ್ದ ವಯಸ್ಸಾದ ಅಧಿಕಾರಿ ಇಳಿದು ಬಂದ.

"ಹತ್ತವ್ವ. ಗಾಲಿ ಇಲ್ಲದ ಏನ್ ಮಾಡ್ತಿ?"

"ವ್ಯಾಳ್ಯಾ ಮುಗೀತೇನ್ರಿ?"

"ಇನ್ನೂ ಐತಿ. ಆದ್ರ..."

"ನಡಕೊಂತ ಗೆರಿ ದಾಟಿದ್ರ ನಡೀತೈತೋ ಇಲ್ಲೋ, ಅಷ್ಟ ಹೇಳ್ರಿ."

"ಸೈಕಲ್ ಸಂಗಾಟ ಇದ್ರ ನಡೀತೈತಿ."

ಅವಳು ಆ ಪುಸ್ಸೆಂದ ಗಾಲಿಯನ್ನೇ ಸಿಕ್ಕಿಸಿ ಸೈಕಲ್ಲನ್ನು ದೂಡುತ್ತ ಏರು ಹತ್ತಿದಳು. ರೇಸಿನ ಬೂಟು ಎಂದರೆ ಅಂಗಾಲಿಗೆ ಮರದ ಹಲಗೆ ಕಟ್ಟಿದ ಹಾಗೆ, ನಡೆಯಲಿಕ್ಕೆ ಮಾಡಿದ್ದಲ್ಲ. ಬೂಟು ಕಳಚಿ ಹ್ಯಾಂಡಲ್ಲಿಗೆ ನೇತುಹಾಕಿ ಬರಿಗಾಲಿನಲ್ಲಿ ಓಡಿದಳು. ಕಾದ ಡಾಂಬರು. ಪ್ರತಿ ತಿರುವಿನಲ್ಲೂ ಕಿವಿಗೊಟ್ಟಳು. ಗಾಡಿ ಇಳಿದು ಬರುವ ಸದ್ದೇನಾದರೂ? ಬರುತ್ತೇವೆ ಎಂದಿದ್ದರಲ್ಲ! ಮೇಲಿನಿಂದ ಬಂದದ್ದು ಪಟಾಕಿಯ ಸದ್ದು. ಸಿರಿವಂತನ ಮಗಳು ಗೆದ್ದಿದ್ದಳು. ನಂಬುತ್ತೀರೋ ಇಲ್ಲವೋ, ಆ ಸದ್ದು ಕೇಳಿ ಈ ಹುಡುಗಿಗೆ ಸಂತೋಷವೇ ಆಯಿತು.

ಗುಡ್ಡದ ನೆತ್ತಿಗೆ ಬಂದಾಗ ಸುಣ್ಣದ ಗೆರೆ ಇತ್ತು. ಗೆರೆಯ ಹತ್ತಿರ ತೀರ್ಪುಗಾರರು ಯಾರೂ ಇರಲಿಲ್ಲ. ಗಡಿಯಾರ ನಿಲ್ಲಿಸಿದ್ದರು. ಗೆರೆಯ ಮೇಲಿನ ಕಮಾನು ಬಿಚ್ಚುತ್ತಿದ್ದವನೊಬ್ಬ, "ನೀ ಯಾರವ್ವ?" ಎಂದ.

ಪೆಂಡಾಲಿನಲ್ಲಿ ಊಟ ನಡೆದಿತ್ತು. ಅವಳು ಸೈಕಲ್ ಸಮೇತ ಒಳಗೆ ಹೋದಳು. "ಸಾಹೇಬ್ರ, ನಾ ಗೆರಿ ದಾಟೀನ್ರಿ" ಎಂದಳು. ಮುಖ್ಯ ತೀರ್ಪುಗಾರ ಹೋಳಿಗೆ ಮುರಿಯುತ್ತಿದ್ದ. ಹಿಂದೆಯೇ ಬಂದ ವ್ಯಾನಿನ ಅಧಿಕಾರಿ, "ವ್ಯಾಳ್ಯಾ ಇನ್ನೂ ಇತ್ತರಿ. ಗಡಿಯಾರ ಯಾಕ ನಿಲ್ಲಿಸಿದ್ರಿ?" ಎಂದು ಕೇಳಿದ.

"ಎಲ್ಲಾರೂ ಬಂದ್ರು ಅಂತ ಸಾವ್ಕಾರ್ರ ಹೇಳಿದ್ರಲ್ಲ! ಊಟ ಆರತೈತಿ, ಏಳ್ರಿ ಅಂದ್ರು. ನಿಲ್ಲಿಸಿದ ಮ್ಯಾಲ ಮುಗೀತಪ್ಪ."

ಎಲ್ಲರೂ ಬಂದರು! ಹೇಳಿದವನು ಯಾರು? ಅವಳನ್ನು ದಾರಿಯಲ್ಲಿ ಕಣ್ಣಾರೆ ಕಂಡು ಬಂದವನು.

ಸಿರಿವಂತನಿಗೆ ಮುಜುಗರವಾಯಿತು. ಮುಜುಗರವಾದಾಗ ಇಂಥವರು ಏನು ಮಾಡುತ್ತಾರೆ? ಶಾಲು ತರಿಸುತ್ತಾರೆ. ಅವಳ ಹೆಗಲಿಗೆ ಶಾಲು ಹೊದಿಸಿ ಜನರ ಕಡೆ ತಿರುಗಿ, "ನೋಡ್ರಿ, ತ್ಯಾಗ ಅಂದ್ರ ಇದು! ಈ ತಂಗಿ ತ್ಯಾಗಮೂರ್ತಿ!" ಎಂದ. ಜನ ಚಪ್ಪಾಳೆ ಹೊಡೆದರು. ಗೆದ್ದ ಮಗಳು ತಲೆ ತಗ್ಗಿಸಿ ಕೂತಿದ್ದಳು.

ಹುಡುಗಿ ಶಾಲು ತೆಗೆದು ಮಡಚಿ ಅವನ ಕೈಗಿಟ್ಟಳು.

"ನಾ ತ್ಯಾಗ ಮಾಡಿಲ್ರಿ. ನಿಮ್ಮ ಮಾತ ನಂಬಿ ಗಾಲಿ ಕೊಟ್ಟೀನಿ. ನನ್ನ ಗಾಲಿ ನನಗ ಕೊಡ್ರಿ."

ಗೆದ್ದ ಸೈಕಲ್ಲನ್ನು ವೇದಿಕೆಯ ಮೇಲೆ ನಿಲ್ಲಿಸಿದ್ದರು. ಅವಳು ಹತ್ತಿ ಹೋಗಿ ಎಲ್ಲರ ಎದುರಿಗೆ ತನ್ನ ಗಾಲಿ ಬಿಚ್ಚಿಕೊಂಡಳು. ಅವರ ಪಂಕ್ಚರ್ ಗಾಲಿಯನ್ನು ಅಲ್ಲೇ ಒರಗಿಸಿ ಇಳಿದು ಹೋದಳು.

ರಾಜ್ಯ ತಂಡದ ಆಯ್ಕೆಗೆ ಅವಳನ್ನು ಕರೆಯಲಿಲ್ಲ. ಕಥೆಯಲ್ಲಾದರೂ ಕಳಿಸಬಾರದಿತ್ತೇ ಎಂದು ನಿಮಗೆ ಅನಿಸುತ್ತಿದೆ. ಕಳಿಸುವುದಿಲ್ಲ. ನಿಮ್ಮನ್ನು ಹಗುರ ಮಾಡಿ ಮನೆಗೆ ಕಳಿಸಲು ನಾನು ಇಲ್ಲಿ ಕೂತಿಲ್ಲ.

ಅಪ್ಪಗಳಿರಾ, ಅವ್ವಗಳಿರಾ, ಆ ಸಿರಿವಂತ ಎಲ್ಲಿದ್ದಾನೆ ಎಂದು ಹುಡುಕಿಕೊಂಡು ಹೋಗಬೇಡಿ. ತಮ್ಮ ಓದಲಿ ಎಂದು ಅಕ್ಕನ ಓದು ಬಿಡಿಸಿದಿರಿ. ಈಗ ತಮ್ಮನ ಮದುವೆಯಲ್ಲಿ ಮೈಕು ಹಿಡಿದು ಅವಳನ್ನು ತ್ಯಾಗಮಯಿ ಎನ್ನುತ್ತೀರಿ. ತ್ಯಾಗ ಎನ್ನುವ ಮಾತನ್ನು ಕೊಟ್ಟವರು ಆಡಬೇಕು, ಇಸಿದುಕೊಂಡವರು ಆಡಬಾರದು! ನಿಮ್ಮ ಬಾಯಲ್ಲಿ ಅದು ಶಾಲು, ಬರೀ ಶಾಲು. ಆ ಅಕ್ಕ ಇನ್ನೂ ಬದುಕಿದ್ದಾಳಲ್ಲ? ಹೋಗಿ ಕೇಳಿ, 'ಏನು ಕಲಿಯಬೇಕು ಅಂತಿದ್ದೆ, ಈಗ ಕಲಿ, ಮನೆ ನಾನು ನೋಡಿಕೊಳ್ಳುತ್ತೇನೆ' ಎನ್ನಿ. ಗಾಲಿ ವಾಪಸು ಕೊಡುವುದೆಂದರೆ ಅದು.

ಮನೆಯಲ್ಲಿ ಕೈ ತೊಳೆದು ಬಂದು ಏನನ್ನುತ್ತೀರಿ? 'ಎಲ್ಲರದೂ ಊಟ ಆಯಿತು' ಎನ್ನುತ್ತೀರಿ. ಯಾವ ಎಲ್ಲರು? ಬಡಿಸಿದವಳು ಉಂಡಳೇ? ನಾಳೆಯಿಂದ ಆ ಮಾತು ಬೇಡ. ಒಬ್ಬೊಬ್ಬರ ಹೆಸರು ಹಿಡಿದು ಕೇಳಿ, ಉಳಿದವರಿಗೆ ನೀವೇ ಬಡಿಸಿ, ಆಮೇಲೆ ಕೈ ತೊಳೆಯಿರಿ.

ನಾಳೆಯಿಂದ ಎಂದೆ. ತಪ್ಪಾಯಿತು, ಈಗಿನಿಂದ. ಈ ಗೋಡೆಯ ಆಚೆ ಬೆಳಗಿನಿಂದ ನಿಮ್ಮ ದಾಸೋಹಕ್ಕೆ ಒಲೆಯ ಮುಂದೆ ನಿಂತವರಿದ್ದಾರೆ. ಈ ಮಾತು ಅವರ ಕಿವಿಗೆ ಬಿದ್ದಿಲ್ಲ, ಹೊಗೆಯಲ್ಲಿದ್ದಾರೆ. ಇವತ್ತಿನ ಮೊದಲ ಪಂಕ್ತಿ ಅವರದು. ಬಡಿಸುವ ಸೌಟು ನಿಮ್ಮ ಕೈಗೆ. ಅವರು ಉಂಡು ಏಳುವವರೆಗೆ ನನಗೂ ಎಲೆ ಹಾಕಬೇಡಿ.

ಇನ್ನೂ ಯಾಕೆ ಕೂತಿದ್ದೀರಿ? ಏಳಿ.