ಗಂಡನಿಲ್ಲದ ಹೆಂಗಸಿನಂತೆ

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಅಕ್ಕ, ತಮ್ಮ ಕುಳಿತಿದ್ದರು. ತಮ್ಮನ ತೊಡೆಯ ಮೇಲೆ ಕೆಂಪಕ್ಷರದ ಕರಪತ್ರಗಳ ಕಟ್ಟು. ಅಕ್ಕ ಒಂದನ್ನು ಎಳೆದುಕೊಂಡು ಗಟ್ಟಿಯಾಗಿ ಓದಿದಳು.

“‘ಸಂಘವಿಲ್ಲದ ಕೂಲಿಕಾರ ಗಂಡನಿಲ್ಲದ ಹೆಂಗಸಿನಂತೆ, ಕಂಡವರೆಲ್ಲ ತುಳಿಯುತ್ತಾರೆ.’ ಇದನ್ನ ಬರ್ದಾಂವ ನೀನೇನೋ, ಗುರು?”

“ಹೂಂ. ಅದು ಬರೇ ಹೋಲಿಕಿ, ಅಕ್ಕ.”

“ಇವತ್ತ ಸಂಘದ ಸಭಾದಾಗ ಇದನ್ನ ಓದಾಂವ ನೀನ. ಅವ್ವ ಮುಂದ ಕುಂತಿರ್ತಾಳ.”

“ಅವ್ವಗ ಯಾಕ ಹಚ್ಚತಿ? ಕ್ರಾಂತಿ ಅಂದ್ರ ಮಾತು ಬಿರುಸ ಇರಬೇಕು.”

“ಅಪ್ಪ ಸತ್ತ ಮ್ಯಾಲ ಅವ್ವನ್ನ ಯಾರ್ ತುಳದಾರ? ಬ್ಯಾಳಿ ಮಿಲ್ಲಿನಾಗ ಕೂಲಿ ಮಾಡಸೋ ಮುಕಾದಮ ಕೈ ಎತ್ತಿದಾಗ ಅಂವನ ಕಾಲರ್ ಹಿಡದಾಕಿ ಯಾರು?”

“ಅವ್ವ.”

“ಆಗ ನಿಮ್ಮ ಸಂಘ ಎಲ್ಲಿತ್ತು?”

“ಇರ್ಲಿಲ್ಲ.”

“ಸಂಘ ಹೋಗ್ಲಿ, ನಿನಗ ಮೀಸೀನೂ ಇರ್ಲಿಲ್ಲ.”

ಅವನು ಕರಪತ್ರವನ್ನು ಅವಳ ಕೈಯಿಂದ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟ.

“ಛಾಪಿಸಿ ಆಗ್ಯಾದ. ಆ ಸಾಲು ಹೊಡದು ಹಾಕಲೇನು?”

“ಗಂಡ ಇಲ್ಲದಾಕಿ ಅಲ್ಲೇ ಇರ್ಲಿ. ಉಳದದ್ದು ಬದಲ್ ಮಾಡು.”

“ಏನಂತ?”

“ಸಂಘ ಕಟ್ಟಿದ ಕೂಲಿಕಾರ ಗಂಡ ಇಲ್ಲದಾಕಿ ಇದ್ದಂಗ, ಯಾರಿಗೂ ಅಂಜಂಗಿಲ್ಲ. ಹಂಗಂತ ಬರಿ.”

ಅವನು ಪೆನ್ನು ತೆಗೆದು ಒಂದು ಪ್ರತಿಯಲ್ಲಿ ಹಳೆಯ ಸಾಲು ಹೊಡೆದು, ಮೇಲೆ ಹೊಸದನ್ನು ಬರೆದ. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾದವು. ಇನ್ನೊಂದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಕಮಲಾಪುರ ಬಂತು.

ಏಳುವಾಗ ಅವನು ಹಿಂದೆ ತಿರುಗಿದ. ಕುಂಕುಮವಿಲ್ಲದ ನನ್ನ ಬರಿ ಹಣೆ ಕಂಡು ಕಟ್ಟನ್ನು ಎದೆಗೆ ಅವಚಿಕೊಂಡ.

“ಮುಚ್ಚತಿ ಯಾಕ?” ಎಂದಳು ಅಕ್ಕ. “ತಿದ್ದಿದ್ದು ಅವರಿಗಿ ಕೊಡು. ನೀನು ಇನ್ನೊಂದು ತಿದ್ಕೋ.”

ಕೊಟ್ಟ. ಇಬ್ಬರೂ ಇಳಿದು ಹೋದರು.